ಶುಗರ್ ಇರುವ ಬಸುರಿಗೆ ಯಾವ ಪರೀಕ್ಷೆ, ಯಾವಾಗ?

ಪ್ರಶ್ನೆ: ನನಗೆ 29 ವರ್ಷ. ಮೂರು ವರ್ಷದಿಂದ ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಏಳು ವಾರದ ಬಸುರಿ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.2 ಬಂದಿದೆ. ಮಗುವಿನ ಹೃದಯದ ಸ್ಕ್ಯಾನ್ ಮಾಡಿಸಲೇಬೇಕು ಅಂತ ಮಂಗಳೂರಿನ ಡಾಕ್ಟರು ಹೇಳಿದರು. ಅತ್ತೆ ಮಾತ್ರ, "ನನ್ನ ಮಗಳಿಗೂ ಬಸುರಿಯಲ್ಲಿ ಶುಗರ್ ಬಂದಿತ್ತು, ಮಗು ಚೆನ್ನಾಗೇ ಇದೆಯಲ್ಲ" ಅನ್ನುತ್ತಾರೆ. ನಮ್ಮ ಮನೆ ಗೇರು ತೋಟದ ಹತ್ತಿರ, ಹಿಂದೆ ಅಲ್ಲಿ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್‌ನ ಭಯ ಬೇರೆ. ತೊಂದರೆ ಇದ್ದರೆ ರಕ್ತ ಪರೀಕ್ಷೆಯಲ್ಲಿ ಈಗಲೇ ಗೊತ್ತಾಗುತ್ತದಾ?
– ಹೆಸರು ಬೇಡ, ಪೆರ್ಲ (ಕಾಸರಗೋಡು, ಕೇರಳ)

ಉತ್ತರ: ಖಚಿತವಾಗಿ ಗೊತ್ತಾಗುವುದಿಲ್ಲ. ನಿಮ್ಮ 8.2 ಹೇಳುವುದು ಇಷ್ಟೇ: ಈ ಬಸುರಿಯನ್ನು ಸ್ವಲ್ಪ ಜಾಸ್ತಿ ಎಚ್ಚರದಿಂದ ನೋಡಬೇಕು. ಶುಗರ್ ಇಲ್ಲದ ತಾಯಂದಿರಲ್ಲೂ 100 ಮಕ್ಕಳಲ್ಲಿ 2–3 ಮಕ್ಕಳಿಗೆ ಹುಟ್ಟುವಾಗಲೇ ಏನಾದರೂ ದೊಡ್ಡ ದೋಷ ಇರುತ್ತದೆ. ಬಸುರಿಗೆ ಮೊದಲೇ ಶುಗರ್ ಇದ್ದವರಲ್ಲಿ ಅದು ಎರಡು ಪಟ್ಟು, ಹಿಡಿತ ತೀರಾ ತಪ್ಪಿದ್ದರೆ ಇನ್ನೂ ಹೆಚ್ಚು. ಆದರೂ ನಿಮ್ಮಂಥ ಅಂಕಿ ಇರುವವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಕ್ಕಳಿಗೆ ಅಂಥ ದೋಷ ಇರುವುದಿಲ್ಲ. ಇದನ್ನು ಅತ್ತೆಗೂ ಓದಿ ಹೇಳಿ.

ನಾದಿನಿಯ ವಿಷಯ ಬೇರೆ. ಬಸುರಿಯಲ್ಲೇ ಬರುವ ಶುಗರ್ ಸಾಮಾನ್ಯವಾಗಿ 24ನೇ ವಾರದ ನಂತರ ಕಾಣಿಸಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಮಗುವಿನ ಅಂಗಗಳೆಲ್ಲ ರೂಪುಗೊಂಡಿರುತ್ತವೆ. ನಿಮಗಾದರೆ ಹೃದಯ, ಬೆನ್ನುಹುರಿ ಆಗುವ ಮೊದಲ ವಾರಗಳಲ್ಲೇ ರಕ್ತದಲ್ಲಿ ಸಕ್ಕರೆ ಜಾಸ್ತಿ ಇತ್ತು. ಡಾಕ್ಟರು ಹೃದಯದ ಮಾತೆತ್ತಿದ್ದು ಅದಕ್ಕೇ. ಇದರಲ್ಲಿ ನಿಮ್ಮನ್ನು ದೂರುವಂಥದ್ದು ಏನೂ ಇಲ್ಲ, ಯಾರು ದೂರಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಎಂಡೋಸಲ್ಫಾನ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಡೆಯ ಮನೆಗಳು ಪಟ್ಟ ನೋವು ಸುಳ್ಳಲ್ಲ, ಭಯವೂ ಸಹಜ. ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಷೇಧಿಸಿತು. ಡಾಕ್ಟರಿಗೆ ಊರಿನ ವಿಷಯ ಹೇಳಿ. ಕಾರಣ ಯಾವುದೇ ಇರಲಿ, ಮಾಡಿಸಬೇಕಾದ ಸ್ಕ್ಯಾನ್‌ಗಳು ಇವೇ.

11ರಿಂದ 13ನೇ ವಾರದ ಸ್ಕ್ಯಾನ್‌ನಲ್ಲಿ ತಲೆಬುರುಡೆ ಬೆಳೆಯದಂಥ ದೊಡ್ಡ ದೋಷಗಳು ಆಗಲೇ ಕಾಣುತ್ತವೆ. 18–20ನೇ ವಾರದಲ್ಲಿ ಅನಾಮಲಿ ಸ್ಕ್ಯಾನ್, ಅದರಲ್ಲಿ ಬೆನ್ನು, ಕಿಡ್ನಿ, ಕೈಕಾಲು ಎಲ್ಲ ನೋಡುತ್ತಾರೆ. ಆಮೇಲೆ 20–24ರೊಳಗೆ ಮಗುವಿನ ಹೃದಯಕ್ಕೆಂದೇ ಫೀಟಲ್ ಎಕೋ ಅನ್ನುವ ಸ್ಕ್ಯಾನ್. ಇದು ಎಲ್ಲ ಕಡೆ ಇರುವುದಿಲ್ಲ, ಹಾಗಾಗಿ ಎಲ್ಲಿ, ಯಾವತ್ತು ಅಂತ ಈಗಲೇ ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ದೋಷ ಕಂಡರೆ ಹೆರಿಗೆ ಯಾವ ಆಸ್ಪತ್ರೆಯಲ್ಲಿ ಅಂತ ಮೊದಲೇ ಯೋಚಿಸಬಹುದು. ಹೃದಯದ ತೊಂದರೆ ಇರುವ ಮಕ್ಕಳ ಚಿಕಿತ್ಸೆಗೆ ಕೇರಳ ಸರ್ಕಾರದ 'ಹೃದ್ಯಂ' ಯೋಜನೆ ಇದೆ. ಸ್ಕ್ಯಾನ್ ತಡವಾದರೆ ಯೋಚಿಸುವ ಸಮಯವೇ ಕೈಬಿಟ್ಟು ಹೋಗುತ್ತದೆ. ಎಲ್ಲ ಸರಿ ಅಂತ ಬಂದರೂ ಸಣ್ಣ ದೋಷವೊಂದು ತಪ್ಪಿಹೋಗಬಹುದು ಅನ್ನುವುದೂ ಗೊತ್ತಿರಲಿ.

ಈ ವಾರವೇ ಮಾಡಬೇಕಾದದ್ದೂ ಇದೆ. ಶುಗರ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಇನ್ಸುಲಿನ್ ಬೇಕಾ ಅಂತ ಕೇಳಿ. ಅದು ಮಗುವಿಗೆ ಹಾನಿ ಮಾಡುವುದಿಲ್ಲ. ಬಿಪಿ ಅಥವಾ ಕೊಲೆಸ್ಟ್ರಾಲ್ ಮಾತ್ರೆ ಇದ್ದರೆ ಇವತ್ತೇ ತೋರಿಸಿ, ಕೆಲವು ಬಸುರಿಯಲ್ಲಿ ಆಗುವುದಿಲ್ಲ. ಶುಗರ್ ಇರುವವರಿಗೆ 12ನೇ ವಾರದವರೆಗೆ ಫೋಲಿಕ್ ಆಮ್ಲ ಸಾಮಾನ್ಯವಾಗಿ 5 ಮಿಲಿಗ್ರಾಂ ಕೊಡುತ್ತಾರೆ, ನಿಮ್ಮ ಚೀಟಿಯಲ್ಲಿ ಎಷ್ಟಿದೆ ನೋಡಿ. ಮನೆಯಲ್ಲಿ ಮೀಟರ್ ಇಟ್ಟುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ 95ರ ಕೆಳಗೆ, ಊಟವಾಗಿ ಒಂದು ಗಂಟೆಗೆ 140ರ ಕೆಳಗೆ ಇರಬೇಕು. ಕುಚ್ಚಲಕ್ಕಿ ಗಂಜಿ ಉಂಡ ದಿನ ಒಮ್ಮೆ ನೋಡಿ, ಎಷ್ಟು ಬಟ್ಟಲು ನಡೆಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ತಂಗಿಗೆ ಶುಗರ್ ಇದೆ, ಈಚೆಗೆ ಮದುವೆಯಾಗಿದೆ. ಮಕ್ಕಳಿಗೆ ಮೊದಲು ಏನು ನೋಡಬೇಕು?
– ಮಂಜೇಶ್ವರದ ಓದುಗ

ಉತ್ತರ: ಮುಟ್ಟು ತಪ್ಪಿದ ಮೇಲೆ ಓಡುವುದಲ್ಲ, ಈಗಲೇ ಡಾಕ್ಟರನ್ನು ಕಾಣಲಿ. ಎಚ್‌ಬಿಎ1ಸಿ 6.5ರ ಕೆಳಗೆ ಬಂದರೆ ಒಳ್ಳೆಯದು. 10ರ ಮೇಲಿದ್ದರೆ ಅದು ಇಳಿಯುವವರೆಗೆ ಬಸುರಿಯಾಗುವುದು ಬೇಡ. ಫೋಲಿಕ್ ಆಮ್ಲ ಮೊದಲೇ ಶುರುವಾಗಬೇಕು, ಕಣ್ಣಿನ ರೆಟಿನಾ, ಕಿಡ್ನಿ ಪರೀಕ್ಷೆಯೂ ಆಗಲಿ. ಭಾವನವರನ್ನೂ ಜೊತೆಗೆ ಕಳಿಸಿ.