ಹೆಚ್ಚು ಗುಲಾಮರು ಇಳಿದದ್ದು ಎಲ್ಲಿ?

ಪ್ರಶ್ನೆ: ಆಫ್ರಿಕಾದಿಂದ ಹೊತ್ತು ತಂದ ಗುಲಾಮರಲ್ಲಿ ಹೆಚ್ಚಿನವರು ಅಮೆರಿಕದ ಹತ್ತಿ ಹೊಲಗಳಿಗೇ ಹೋದರು ಅಲ್ವಾ?

ಉತ್ತರ: ಇಲ್ಲ. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಮೂರೂವರೆ ಶತಮಾನದಲ್ಲಿ ಸುಮಾರು 1.25 ಕೋಟಿ ಜನರನ್ನು ಹಡಗು ಹತ್ತಿಸಿದರು. ಜೀವಂತವಾಗಿ ದಡ ಸೇರಿದವರು ಸುಮಾರು 1.07 ಕೋಟಿ. ಅವರಲ್ಲಿ ಇಂದಿನ ಅಮೆರಿಕ ಇರುವ ನೆಲಕ್ಕೆ ಆಫ್ರಿಕಾದಿಂದ ನೇರವಾಗಿ ಬಂದವರು 4 ಲಕ್ಷಕ್ಕಿಂತ ಕಡಿಮೆ. ಬ್ರೆಜಿಲ್ ಒಂದಕ್ಕೇ 48 ಲಕ್ಷದಷ್ಟು ಜನ! ಉಳಿದವರಲ್ಲಿ ಬಹುಪಾಲು ಕೆರಿಬಿಯನ್ ದ್ವೀಪಗಳಿಗೆ ಹೋದರು.

ಇದಕ್ಕೆ ದೊಡ್ಡ ಕಾರಣ ಸಕ್ಕರೆ. ಕಡಿದ ಕಬ್ಬನ್ನು ಒಂದೆರಡು ದಿನದೊಳಗೆ ಅರೆಯದಿದ್ದರೆ ರಸ ಕೆಡುತ್ತದೆ, ಹಾಗಾಗಿ ಕಟಾವು ಶುರುವಾಯಿತೆಂದರೆ ಗಾಣ ಹಗಲು ರಾತ್ರಿ ನಿಲ್ಲುತ್ತಿರಲಿಲ್ಲ, ಒಲೆಯೂ ಆರುತ್ತಿರಲಿಲ್ಲ, ದಿನವಿಡೀ ಹೊಲದಲ್ಲಿ ದುಡಿದವರೇ ರಾತ್ರಿ ಪಾಳಿಗೂ ನಿಲ್ಲಬೇಕಿತ್ತು. ತೂಕಡಿಸುತ್ತಾ ಕಬ್ಬು ತುರುಕುವಾಗ ಉರುಳೆಗೆ ಬೆರಳು ಸಿಕ್ಕರೆ ತೋಳೂ ಒಳಗೆ ಹೋಗುತ್ತಿತ್ತು. ತೋಳು ಕಡಿದು ಜೀವ ಉಳಿಸಲು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು ಅಂತ ಆ ಕಾಲದವರೇ ಬರೆದಿದ್ದಾರೆ. ಗಾಣದ ಆಚೆ ಕೊಪ್ಪರಿಗೆಗಳ ಮುಂದೆ ನಿಂತವರ ಮೈಮೇಲೆ ಕುದಿಯುವ ಪಾಕ ಸಿಡಿಯುತ್ತಿತ್ತು. ಇಷ್ಟು ದುಡಿಸಿದರೂ ಹೊಟ್ಟೆಗೆ ಸರಿಯಾಗಿ ಹಾಕುತ್ತಿರಲಿಲ್ಲ. ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ. ಆ ಜಾಗ ತುಂಬಲು ತೋಟದ ಮಾಲೀಕರು ಮತ್ತೆ ಹೊಸಬರನ್ನು ಕೊಂಡುಕೊಳ್ಳುತ್ತಿದ್ದರು.

ಆಗ ಬ್ರಿಟನ್ನಿನ ಕೈಯಲ್ಲಿದ್ದ ಕೆರಿಬಿಯನ್ ದ್ವೀಪ ಜಮೈಕಾವನ್ನೇ ನೋಡಿ. ಅಲ್ಲಿಗೆ ತಂದವರು ಸುಮಾರು 10 ಲಕ್ಷ. ಕೆಲವರನ್ನು ಅಲ್ಲಿಂದ ಬೇರೆ ಕಡೆಗೆ ಮಾರಿದರು, ನಿಜ. ಆದರೂ 1834ರಲ್ಲಿ ಗುಲಾಮಗಿರಿ ರದ್ದಾದಾಗ ಅಲ್ಲಿ ಉಳಿದಿದ್ದ ಗುಲಾಮರು ಸುಮಾರು 3.1 ಲಕ್ಷ ಮಾತ್ರ. ಅಮೆರಿಕದಲ್ಲಿ ಹಿಂಸೆ ಕಡಿಮೆಯೇನೂ ಇರಲಿಲ್ಲ, ಮಕ್ಕಳನ್ನು ತಾಯಿಯಿಂದ ಕಿತ್ತು ಮಾರುತ್ತಿದ್ದರು, ಆದರೆ ಅಲ್ಲಿ ಹುಟ್ಟು ಸಾವನ್ನು ಮೀರಿತ್ತು. 1860ರ ಹೊತ್ತಿಗೆ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ನಮ್ಮ ತಲೆಯಲ್ಲಿ ಆ ಹತ್ತಿ ಹೊಲಗಳ ಚಿತ್ರವೇ ಉಳಿಯಲು ಇದೂ ಒಂದು ಕಾರಣ ಅನಿಸುತ್ತದೆ.

ಪ್ರಶ್ನೆ: ಬಿಡುಗಡೆಯಾದವರಿಗೆ ಪರಿಹಾರ ಸಿಕ್ಕಿತೇ?

ಉತ್ತರ: ಪರಿಹಾರ ಸಿಕ್ಕಿತು, ಆದರೆ ಮಾಲೀಕರಿಗೆ! ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದ 1833ರ ಕಾಯ್ದೆಯಡಿ ಬ್ರಿಟನ್ ಅವರಿಗಾಗಿ 2 ಕೋಟಿ ಪೌಂಡ್ ತೆಗೆದಿಟ್ಟಿತು. ಅದಕ್ಕಾಗಿ ಮಾಡಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ದುಡಿದವರಿಗೆ ಬಿಡಿಗಾಸೂ ಇಲ್ಲ. ಬದಲಿಗೆ ತರಬೇತಿಯ ಹೆಸರಲ್ಲಿ 1838ರ ತನಕ ಅದೇ ಮಾಲೀಕರಿಗೆ ಬಿಟ್ಟಿ ಚಾಕರಿ ಮಾಡಬೇಕಾಯಿತು.

ಫ್ರಾನ್ಸಿನ ವಸಾಹತಾಗಿದ್ದ ಕೆರಿಬಿಯನ್‌ನ ಹೈಟಿಯ ಕಥೆ ಇನ್ನೂ ಘೋರ. ಅಲ್ಲಿನ ಗುಲಾಮರು 1791ರಲ್ಲಿ ದಂಗೆ ಎದ್ದು, ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ, 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ, ತೋಟ ಕಳೆದುಕೊಂಡವರಿಗೆ 15 ಕೋಟಿ ಫ್ರಾಂಕ್ ಕಟ್ಟಿ ಎಂದಿತು. ಆಮೇಲೆ ಅದು 9 ಕೋಟಿಗೆ ಇಳಿಯಿತು. ಅಷ್ಟು ದುಡ್ಡು ಹೈಟಿಯ ಬಳಿ ಎಲ್ಲಿತ್ತು? ಮೊದಲ ಕಂತಿಗೇ ಫ್ರಾನ್ಸಿನ ಬ್ಯಾಂಕುಗಳಲ್ಲಿ ಸಾಲ ಎತ್ತಬೇಕಾಯಿತು.