ಹೋಮ್‌ವರ್ಕ್ ಸರಿ, ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆಯಲ್ಲಿ ಮಾತ್ರ ಯಾಕೆ ತಪ್ಪು?

ಹೋಮ್‌ವರ್ಕ್ ಎಲ್ಲಾ ಸರಿ ಬಂದು, ಪರೀಕ್ಷೆಯಲ್ಲಿ ಮಾತ್ರ ಯಾವ ಟೆಸ್ಟ್ (ಟಿ-ಟೆಸ್ಟ್‌ನಂಥ ಲೆಕ್ಕದ ವಿಧಾನ) ಹಾಕಬೇಕೆಂದು ತಿಳಿಯುತ್ತಿಲ್ಲ ಅಂದರೆ ತೊಂದರೆ ಬಹುಶಃ ಗಣಿತದ್ದಲ್ಲ. ಹೋಮ್‌ವರ್ಕ್‌ನಲ್ಲಿ ಅಧ್ಯಾಯದ ಹೆಸರೇ ಉತ್ತರ ಹೇಳಿಕೊಟ್ಟಿರುತ್ತದೆ, ಅಲ್ವಾ?

ಮೊದಲು ಹಳೆಯ ಲೆಕ್ಕಗಳನ್ನು ಅಧ್ಯಾಯ ಗೊತ್ತಾಗದಂತೆ ಕಲಸಿಬಿಡಿ. ಬಿಡಿಸಬೇಡಿ, ಸುಮ್ನೆ ಟೆಸ್ಟ್ ಹೆಸರು ಬರೆಯಿರಿ. ಕೇಳುತ್ತಿರುವುದು ಸರಾಸರಿಯೋ, ಶೇಕಡಾವಾರೋ? ಒಂದು ಗುಂಪೋ, ಎರಡೋ? ಅದೇ 20 ಜನರ ತೂಕವನ್ನು ಡಯಟ್‌ಗೆ ಮುಂಚೆ, ಆಮೇಲೆ ಅಳೆದಿದ್ದರೆ ಅದು ಎರಡು ಗುಂಪಲ್ಲ; ಒಬ್ಬೊಬ್ಬರ ಎರಡು ಅಳತೆಗಳನ್ನು ಹೋಲಿಸುವ ಜೋಡಿ ಟಿ-ಟೆಸ್ಟ್ ಹಾಕಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ಆಮೇಲೆ ಪಿ-ವ್ಯಾಲ್ಯೂ, ಅಂದರೆ ಟೆಸ್ಟ್ ಕೊನೆಗೆ ಕೊಡುವ ಸಾಧ್ಯತೆಯ ಸಂಖ್ಯೆ. 0.03 ಬಂದರೆ ನಲ್ ಹೈಪಾಥಿಸಿಸ್ (ಸಾಮಾನ್ಯವಾಗಿ ‘ವ್ಯತ್ಯಾಸವೇನೂ ಇಲ್ಲ’ ಎಂಬ ಊಹೆ) ನಿಜವಾಗಿರುವ ಸಾಧ್ಯತೆ 3% ಎಂದಲ್ಲ. ಅದು ನಿಜವಾಗಿದ್ದರೆ ಇಂಥ, ಅಥವಾ ಇದಕ್ಕಿಂತ ವಿಪರೀತದ ಫಲಿತಾಂಶ ಬರುವ ಸಾಧ್ಯತೆ 3%.

ನಿಮ್ಮ ಪೇಪರ್‌ನಲ್ಲಿ ಪ್ರಾಬಬಿಲಿಟಿಯೇ ಜಾಸ್ತಿಯಿದ್ದರೆ ಇಷ್ಟು ಸಾಲದೇ ಇರಬಹುದು. ಅದಕ್ಕೆ ಒಂದೊಂದು ಸಾಧ್ಯತೆಗೂ ಒಂದೊಂದು ಕವಲು ಇರುವ ಟ್ರೀ ಚಿತ್ರ ಬರೆದು ಬಿಡಿಸಿ ನೋಡಿ.