ಹಳೆಯ ಕಾರಿಗೆ ಹೊಸ ಫ್ಲೋರ್: ಕೊಳ್ಳುವ ಮೊದಲು ಏನನ್ನು ಅಳೆಯಬೇಕು?

ಪ್ರಶ್ನೆ: 1960ರ ದಶಕದ, ಪ್ರತ್ಯೇಕ ಚಾಸಿ ಇಲ್ಲದ ಕಾರೊಂದನ್ನು ಮೊದಲಿನ ಸ್ಥಿತಿಗೆ ತರುತ್ತಿದ್ದೇನೆ. ಡ್ರೈವರ್ ಕಾಲಿಡುವ ಜಾಗದಲ್ಲಿ ತಗಡು ತೂತಾಗಿದೆ, ಪಕ್ಕದ ಸೀಟಿನ ಕೆಳಗೂ ತುಕ್ಕು ಹಬ್ಬಿದೆ. ಪೂರ್ತಿ ಫ್ಲೋರ್, ಅರ್ಧ ಫ್ಲೋರ್ (ಒಂದು ಬದಿಯದು), ತೇಪೆ ತಗಡು ಮೂರೂ ಸಿಗುತ್ತವೆ. ಮಾರುವವರೆಲ್ಲ ‘ಒರಿಜಿನಲ್ ಕ್ವಾಲಿಟಿ’ ಎನ್ನುತ್ತಾರೆ. ಆಯ್ಕೆ ಹೇಗೆ?

ಉತ್ತರ: ಆ ಮಾತನ್ನು ಬದಿಗಿಟ್ಟು, ಅಳೆಯಲು ಬರುವುದನ್ನೇ ಕೇಳಿ.

ಮೊದಲು ದಪ್ಪ. ನಿಮ್ಮ ಕಾರಿನಲ್ಲೇ ತುಕ್ಕು ತಾಗದ ಕಡೆ, ಗೇರ್‌ಬಾಕ್ಸ್ ಟನಲ್‌ನ (ನಡುವಿನ ಉದ್ದ ಉಬ್ಬಿನ) ಪಕ್ಕದಲ್ಲಿ, ತಗಡಿನ ಎರಡೂ ಬದಿ ಸಿಗುವ ಅಂಚಿನಲ್ಲಿ ಬಣ್ಣ ಕೆರೆದು ಮೈಕ್ರೋಮೀಟರ್ ಹಿಡಿಯಿರಿ. ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ 0.9ರಿಂದ 1.2 ಮಿ.ಮೀ. (20ರಿಂದ 18 ಗೇಜ್) ಇರುತ್ತದೆ. ಹೊಸ ಪ್ಯಾನಲ್ 0.7 ಮಿ.ಮೀ. ಇದ್ದರೆ ವೆಲ್ಡಿಂಗ್‌ನಲ್ಲಿ ಸುಲಭವಾಗಿ ಉರಿದು ತೂತಾಗಬಹುದು. ದಪ್ಪ ಹೆಚ್ಚಿದಷ್ಟೂ ಒಳ್ಳೆಯದೆಂದೂ ಅಲ್ಲ: 1.6 ಮಿ.ಮೀ. ತಗಡು ಹಳೆಯ ಅಂಚಿಗೆ ಬಗ್ಗಿ ಕೂರುವುದಿಲ್ಲ. ಅದು ಕರಗುವಷ್ಟು ಕಾಯಿಸುವಾಗ ಪಕ್ಕದ ತೆಳು ತಗಡು ಸುಟ್ಟುಹೋಗುತ್ತದೆ. ಅಳತೆಯನ್ನು ಸಮತಟ್ಟಾದ ಅಂಚಿನಲ್ಲೇ ತೆಗೆಯಿರಿ. ಉಬ್ಬುಗೆರೆಗಳಲ್ಲಿ ತಗಡು ಎಳೆದು ತೆಳುವಾಗಿರುತ್ತದೆ.

ದಪ್ಪಕ್ಕಿಂತಲೂ ಮುಖ್ಯ ತಗಡನ್ನು ಒತ್ತಿದ ಅಚ್ಚು, ಮೋಸ ಹೋಗುವುದೂ ಇಲ್ಲೇ. ಫ್ಲೋರ್‌ನ ಉಬ್ಬುಗೆರೆಗಳು ಅಲಂಕಾರಕ್ಕಲ್ಲ, ತಗಡಿನ ಬಿಗುವೇ ಅವುಗಳಿಂದ. ನಕಲು ಅಚ್ಚಿನಲ್ಲಿ ಗೆರೆಗಳು ಹೆಚ್ಚಾಗಿ ಆಳವಿಲ್ಲದೆ ದುಂಡಗಿರುತ್ತವೆ, ಕಾರು ಓಡುವಾಗ ಫ್ಲೋರ್ ಡಬಡಬ ಬಡಿದುಕೊಳ್ಳುತ್ತದೆ. ಮೂಲ ಅಚ್ಚಿನಿಂದಲೇ ಒತ್ತಿದ ಪ್ಯಾನಲ್ ಸಿಕ್ಕರೆ ಬಿಡಬೇಡಿ. ಎಂಜಿಬಿಯಂಥ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಬ್ರಿಟಿಷ್ ಮೋಟರ್ ಹೆರಿಟೇಜ್ ಅಂಥ ಪ್ಯಾನಲ್‌ಗಳನ್ನು ಮಾಡುತ್ತದೆ. ಬೇರೆ ಕಾರಾದರೆ ಗೆರೆಗಳ ಆಳ, ಸೀಟಿನ ಬೋಲ್ಟ್ ತೂತುಗಳ ನಡುವಿನ ಅಂತರ, ಅಂಚಿನಿಂದ ಅಂಚಿಗೆ ಅಗಲ, ಈ ಮೂರನ್ನೂ ಟೇಪ್ ಇಟ್ಟ ಫೋಟೋ ಸಮೇತ ತರಿಸಿಕೊಂಡು ನಿಮ್ಮ ಕಾರಿಗೆ ಹೋಲಿಸಿ. ಎರಡು ಮಿ.ಮೀ. ವ್ಯತ್ಯಾಸವನ್ನು ಸುತ್ತಿಗೆಯಿಂದ ಸರಿಪಡಿಸಬಹುದು. ಎಂಟು ಮಿ.ಮೀ. ಇದ್ದರೆ ಅದು ನಿಮ್ಮ ಕಾರಿನ ಫ್ಲೋರ್ ಅಲ್ಲ.

ಒಂದೇ ಮಾಡೆಲ್‌ನಲ್ಲೂ ವರ್ಷದಿಂದ ವರ್ಷಕ್ಕೆ ಸೀಟಿನ ಬ್ರಾಕೆಟ್, ಹ್ಯಾಂಡ್‌ಬ್ರೇಕ್ ಜಾಗ ಬದಲಾಗಿರಬಹುದು. ಸ್ಟೀರಿಂಗ್ ಎಡವೋ ಬಲವೋ ಎಂಬುದರಿಂದಲೂ ವ್ಯತ್ಯಾಸ ಬರುತ್ತದೆ. ಆರ್ಡರ್ ಜೊತೆ ಚಾಸಿ ನಂಬರನ್ನೂ (ಕಾರಿನ ಗುರುತಿನ ಸಂಖ್ಯೆ) ಕೊಡಿ.

ಕಪ್ಪು ಬಣ್ಣ ಬಳಿದದ್ದೆಲ್ಲ ಇ-ಕೋಟ್ (ವಿದ್ಯುತ್ತಿನಿಂದ ಕೂರಿಸಿದ ಗಟ್ಟಿ ಪ್ರೈಮರ್) ಅಲ್ಲ. ಲ್ಯಾಕರ್ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ ನೋಡಿ. ಬಣ್ಣ ಬಟ್ಟೆಗೆ ಹತ್ತಿದರೆ ಅದು ಸಾಗಣೆಗೆಂದು ಹಚ್ಚಿದ ಬಣ್ಣ, ಪೂರ್ತಿ ತೆಗೆದು ಪ್ರೈಮರ್ ಹಾಕಲೇಬೇಕು. ಸತುವಿನ ಲೇಪದ ತಗಡಾದರೆ ವೆಲ್ಡ್ ಬೀಳುವ ಕಡೆ ಸುಮಾರು 25 ಮಿ.ಮೀ. ಲೇಪವನ್ನು ಗ್ರೈಂಡ್ ಮಾಡಿ ತೆಗೆಯಿರಿ, ಗಾಳಿಯಾಡುವ ಜಾಗದಲ್ಲಿ ಸರಿಯಾದ ಮಾಸ್ಕ್ ಹಾಕಿಯೇ ವೆಲ್ಡ್ ಮಾಡಿ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರಬಹುದು.

ನಿಮ್ಮ ಕಾರಿನ ವಿವರ ನೋಡಿದರೆ ಎರಡು ಬದಿಗೂ ಅರ್ಧ ಫ್ಲೋರ್ ಕೊಳ್ಳುವುದು ಸರಿ. ಸೀಟಿನ ಕೆಳಗಿನ ತುಕ್ಕು ನಡುವಿನಲ್ಲಷ್ಟೇ ಇದ್ದರೂ, ಅರ್ಧ ಫ್ಲೋರ್‌ನಿಂದಲೇ ಬೇಕಾದಷ್ಟು ಕತ್ತರಿಸಿ ಕೂರಿಸಿ, ಆಗ ಗೆರೆಗೆ ಗೆರೆ ಸೇರುತ್ತದೆ. ಚಪ್ಪಟೆ ತೇಪೆಯಿಂದ ಅದು ಆಗದು. ಆರ್ಡರ್ ಮಾಡುವ ಮೊದಲು ಬಾಗಿಲ ಕೆಳಗಿನ ಸಿಲ್ ಮತ್ತು ಅಡ್ಡಪಟ್ಟಿಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಅವು ಮೆತ್ತಗಿದ್ದರೆ ಫ್ಲೋರ್ ವೆಲ್ಡ್ ಮಾಡಲು ಆಸರೆಯೇ ಇಲ್ಲ, ಅವನ್ನೂ ಜೊತೆಗೇ ತರಿಸಿ.

ಪ್ಯಾನಲ್ ಬಂದ ಮೇಲೆ ಅದನ್ನು ಕಾರಿನ ಅಡಿಯಿಂದ ಮೇಲಕ್ಕೆ ಒತ್ತಿ ಹಿಡಿದು ಅಂಚು, ತೂತುಗಳನ್ನು ಹೊಂದಿಸಿ ನೋಡಿ. ಅಲ್ಲಿಯವರೆಗೂ ಹಳೆಯದನ್ನು ಕತ್ತರಿಸಬೇಡಿ, ಹೊಸದಕ್ಕೆ ಡ್ರಿಲ್ ಹಾಕಬೇಡಿ, ತೂತು ಬಿದ್ದ ಪ್ಯಾನಲನ್ನು ವಾಪಸು ಪಡೆಯುವವರು ಸಿಗುವುದು ಕಷ್ಟ. ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟುಗಳಿಗೆ ಚೌಕ ಪೈಪಿನ ಆಧಾರ ವೆಲ್ಡ್ ಮಾಡಿ, ಒಂದು ಸಲಕ್ಕೆ ಒಂದೇ ಬದಿ ತೆಗೆಯಿರಿ. ಇಲ್ಲದಿದ್ದರೆ ಬಾಡಿ ಜಗ್ಗಿ ಬಾಗಿಲುಗಳು ಮುಚ್ಚಲಾರವು.

ಸೀಟ್ ಬೆಲ್ಟ್ ಬೋಲ್ಟ್ ಕೂರುವ ಕಡೆಯನ್ನೂ ನೋಡಿ. ಅಗ್ಗದ ಪ್ಯಾನಲ್‌ಗಳಲ್ಲಿ ಅದರ ಕೆಳಗಿನ ಬಲಪಟ್ಟಿ ಇಲ್ಲದಿರುವುದುಂಟು. ಆಗ 7/16 ಇಂಚಿನ ಯುಎನ್‌ಎಫ್ (ನಯ ಹಲ್ಲಿನ) ನಟ್ ಇರುವ ಬೆಲ್ಟ್ ಪ್ಲೇಟನ್ನು ತರಿಸಿ, ಸುತ್ತಲೂ ವೆಲ್ಡ್ ಮಾಡಿದ ಮೇಲೆಯೇ ಸೀಟ್ ಹಾಕಿ.